ಕಿವಿಯ ದೋಷ, ಭಾಷೆಯ ಖಾತೆ

(ಸಂಘದ ಕುಟುಂಬ ಸಮ್ಮೇಲನದಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮನ್ನು ಕೇಳಿಕೊಂಡಾಗ, ನಾವು ಉಳಿತಾಯವನ್ನೋ ಆದಾಯ ತೆರಿಗೆಯನ್ನೋ ಎತ್ತಿಕೊಳ್ಳುವೆವೆಂದು ಅವರು ತಿಳಿದಿದ್ದರು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವವರಿಂದ ಬೇರೆ ಏನನ್ನು ನಿರೀಕ್ಷಿಸಬೇಕು? ನಾವು ಕಿವಿಯ ವಿಷಯವಾಗಿ ಮಾತನಾಡುವೆವೆಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಏನಂದಿರಿ?" ಎಂದು ಕೇಳಿದರು. ಅವರ ಕಿವಿ ಚೆನ್ನಾಗಿಯೇ ಇದೆ. ಆಶ್ಚರ್ಯದಿಂದ ಕೇಳಿದರು, ಅಷ್ಟೆ. ನಾವು ವೈದ್ಯರಲ್ಲ. ನಮ್ಮ ಮನೆಯಲ್ಲಿ ಮೂರು ವರ್ಷ ನಡೆದ ಒಂದು ತಪ್ಪನ್ನೂ, ಅದನ್ನು ತಿದ್ದಿಕೊಳ್ಳುವಾಗ ವೈದ್ಯರಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡ ಸಂಗತಿಗಳನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದಷ್ಟೇ ನಮ್ಮ ಉದ್ದೇಶ.

ನವಂಬರ ತಿಂಗಳು ಕನ್ನಡಿಗರಿಗೆ ರಾಜ್ಯೋತ್ಸವದ ತಿಂಗಳು; ಬ್ಯಾಂಕಿನವರಿಗೆ ಪಿಂಚಣಿದಾರರ ತಿಂಗಳು. ತಾವು ಜೀವಂತವಾಗಿರುವುದಾಗಿ ಪ್ರಮಾಣಪತ್ರ ಕೊಡಲು ವೃದ್ಧರು ಬರುತ್ತಾರೆ. ಮನೆಯಿಂದಲೇ ಮೊಬೈಲಿನ ಮೂಲಕ ಕೊಡುವ ಸೌಕರ್ಯ ಈಗ ಇದ್ದರೂ, ಬ್ಯಾಂಕಿಗೇ ಬಂದು ಕಾರಕೂನನ ಮುಖ ನೋಡಿ ಹೋದರೆ ಹಲವರಿಗೆ ಸಮಾಧಾನ. ಮೂರು ವರ್ಷಗಳ ಹಿಂದೆ ಇಂಥದೇ ನವಂಬರದಲ್ಲಿ ಎಂಬತ್ತು ದಾಟಿದ ಒಬ್ಬ ಮಹನೀಯರು ನಮ್ಮ ಕಿಟಕಿಗೆ ಬಂದರು. ನಡುವೆ ಗಾಜು, ಹಿಂದೆ ಗದ್ದಲ. ನಾವು ಮರಾಠಿಯಲ್ಲಿ, "ಆಜೋಬಾ, ಈಗ ಮತ್ತೆ ಎಲ್ಲಿಯಾದರೂ ನೌಕರಿ ಮಾಡುತ್ತಿರುವಿರಾ?" ಎಂದು ನಿಯಮದಂತೆ ಕೇಳಿದೆವು. ಅವರು ನಗುಮುಖದಿಂದ, "ಹೋ, ಹೋ" ಎಂದು ತಲೆಯಾಡಿಸಿದರು. "ಎಲ್ಲಿ?" ಎಂದರೆ, ಮತ್ತೆ "ಹೋ." ಸಾಲಿನಲ್ಲಿ ನಿಂತವರು ನಕ್ಕರು. ನಾವೂ ನಕ್ಕೆವು. ಆ ನಗುವಿಗೆ ಇಂದಿಗೂ ನಮಗೆ ನಾಚಿಕೆಯಿದೆ.

ಅದೇ ದಿನ ರಾತ್ರಿ ಡೊಂಬಿವಲಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನಮ್ಮ ತೀರ್ಥರೂಪರಿಗೆ, "ಅಪ್ಪಾ, ಊರಿಂದ ಕಾಕಾನ ಫೋನು ಬಂದಿತ್ತೇನು?" ಎಂದು ಕೇಳಿದೆವು. "ಹೂಂ" ಎಂದರು. "ಏನಂದ?" "ಹೂಂ." ಮುಖದಲ್ಲಿ ಅದೇ ನಗು. ಹಗಲು ಗಾಜಿನ ಆಚೆ ಕಂಡ ಮುಖ ರಾತ್ರಿ ನಮ್ಮ ತಾಟಿನ ಎದುರಿಗೆ ಕುಳಿತಿತ್ತು.

ತೀರ್ಥರೂಪರು ಧಾರವಾಡ ಕಡೆಯವರು. ಇಪ್ಪತ್ತೈದನೆಯ ವಯಸ್ಸಿಗೆ ಈ ಊರಿಗೆ ಬಂದು, ತಗಡನ್ನು ಒತ್ತಿ ಡಬ್ಬಿ ಮಾಡುವ ಒಂದು ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಮರಾಠಿಯನ್ನು ಮರಾಠಿಗರಂತೆಯೇ ಆಡುತ್ತಿದ್ದರು. ಅಂಥವರು ಅರುವತ್ತಾರರ ಸುಮಾರಿಗೆ ಒಂದು ಹೊಸ ದೂರನ್ನು ಆರಂಭಿಸಿದರು: "ಈಗಿನ ಮಂದಿ ಮರಾಠಿ ಮಾತಾಡೂದ ತಿಳಿಯಂಗಿಲ್ಲ ನೋಡು. ಬಾಯಾಗ ಎಲಿ-ಅಡಿಕಿ ಇಟಗೊಂಡು ಮಾತಾಡತಾರ." ಕಾಯಿಪಲ್ಲೆಯವನು ಬಾಯಿ ತೆರೆಯದೆ ಮಾತನಾಡುತ್ತಾನೆ, ರೈಲು ನಿಲ್ದಾಣದಲ್ಲಿ 'ಸಾತ್' ಎಂದರೋ 'ಆಠ್' ಎಂದರೋ ಗೊತ್ತಾಗುವುದಿಲ್ಲ, ಮಗ್ಗುಲ ಮನೆಯ ತಾಯಿ ಪಿಸುಗುಟ್ಟುತ್ತಾರೆ. ನಾವು ಅವರನ್ನು ಸಮಾಧಾನಪಡಿಸಿದೆವು: "ಅಪ್ಪಾ, ಇಲ್ಲಿಯ ಭಾಷಾನ ಬದಲಾಗೇದ, ಅರ್ಧ ಹಿಂದಿ, ಅರ್ಧ ಇಂಗ್ಲಿಷು." ಅವರೂ ಒಪ್ಪಿದರು. ಮೂವತ್ತು ವರ್ಷ ತಿಳಿಯುತ್ತಿದ್ದ ಭಾಷೆ ಈಗ ಏಕೆ ತಿಳಿಯದಾಯಿತು ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಕಿವಿಯ ದೋಷವನ್ನು ಭಾಷೆಯ ಖಾತೆಗೆ ಬರೆದು ಪುಟ ಮಡಿಸಿದೆವು. ಬ್ಯಾಂಕಿನಲ್ಲಿ ಇಂಥ ತಪ್ಪು ನಮೂದು ಮಾಡಿದ್ದರೆ ಸಂಜೆಯೊಳಗೆ ಸಿಕ್ಕಿಬೀಳುತ್ತಿದ್ದೆವು.

ಪರಭಾಷೆಯ ಊರಿನಲ್ಲಿರುವ ನಮ್ಮಂಥವರಿಗೆ ಈ ತಪ್ಪು ಬಹಳ ಸುಲಭ. ಕಾರಣವನ್ನು ಸ್ವಲ್ಪ ವಿವರಿಸುತ್ತೇವೆ.

ಕಿವಿ ಮಂದವಾಗುವುದೆಂದರೆ ರೇಡಿಯೋದ ಗುಂಡಿ ತಿರುವಿ ಧ್ವನಿಯನ್ನು ಒಟ್ಟಿಗೆ ಇಳಿಸಿದಂತೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ, ಪ್ರತಿ ಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಶಬ್ದದ ಅಲೆಯನ್ನು ನರದ ಸಂಕೇತವಾಗಿ ಮಾರ್ಪಡಿಸುವ ಕೆಲಸ ಅವುಗಳದು. ಸುರುಳಿಯ ಬಾಗಿಲ ಬಳಿಯಿರುವ ಕೋಶಗಳು ಕೀಚು ಧ್ವನಿಗಳನ್ನೂ, ಒಳತುದಿಯಲ್ಲಿರುವವು ದಪ್ಪ ಧ್ವನಿಗಳನ್ನೂ ಗ್ರಹಿಸುತ್ತವೆ. ವಯಸ್ಸಿನಿಂದಾಗಲಿ ಯಂತ್ರದ ಸದ್ದಿನಿಂದಾಗಲಿ ಮೊದಲು ಸಾಯುವವು ಸಾಮಾನ್ಯವಾಗಿ ಕೀಚು ಧ್ವನಿಯ ಕೋಶಗಳು. ಮನುಷ್ಯನಲ್ಲಿ ಒಮ್ಮೆ ಸತ್ತವು ಮತ್ತೆ ಹುಟ್ಟುವುದಿಲ್ಲ. ಇನ್ನು ಮಾತಿನ ಸ್ವರೂಪವನ್ನು ನೋಡಿ. ಅ, ಆ, ಓ ಮುಂತಾದ ಸ್ವರಗಳು ದಪ್ಪವಾಗಿ, ಬಲವಾಗಿ ಕೇಳುತ್ತವೆ. ಸ, ಶ, ಕ, ತ, ಪ ಇಂಥ ವ್ಯಂಜನಗಳು ಕೀಚಾಗಿ, ಬಲಹೀನವಾಗಿರುತ್ತವೆ. ಆದರೆ ಒಂದು ಶಬ್ದವನ್ನು ಇನ್ನೊಂದರಿಂದ ಬೇರ್ಪಡಿಸುವವು ಬಹುಮಟ್ಟಿಗೆ ಈ ವ್ಯಂಜನಗಳೇ. 'ಸಾಲ', 'ಕಾಲ', 'ತಾಳ' ಇವುಗಳಲ್ಲಿ 'ಆ' ಎಂಬುದು ಗಟ್ಟಿಯಾಗಿ ಕೇಳುತ್ತದೆ. ಸಾಲವೋ ಕಾಲವೋ ತಿಳಿಯುವುದಿಲ್ಲ. ಆದುದರಿಂದಲೇ ಕಿವಿ ಮಂದವಾದವರು "ಕೇಳಿಸುವುದಿಲ್ಲ" ಎಂದು ಹೇಳುವುದೇ ಇಲ್ಲ. "ಕೇಳಿಸುತ್ತದೆ, ತಿಳಿಯುವುದಿಲ್ಲ" ಎನ್ನುತ್ತಾರೆ. ಅದು ಅಕ್ಷರಶಃ ಸತ್ಯ. ನಾವು ಗಟ್ಟಿಯಾಗಿ ಕೂಗಿದರೆ ಸ್ವರಗಳೇ ಇನ್ನಷ್ಟು ದೊಡ್ಡದಾಗುತ್ತವೆ, ಅವರು, "ಯಾಕ ಒದರತೀ, ನಾ ಏನ ಕಿವುಡ?" ಎಂದು ಸಿಟ್ಟಾಗುತ್ತಾರೆ.

ಹೀಗೆ ತೂತು ಬಿದ್ದ ಮಾತನ್ನು ಮಿದುಳು ಊಹೆಯಿಂದ ತುಂಬಿಕೊಳ್ಳುತ್ತದೆ. ಹೊಟ್ಟೆಯಲ್ಲಿಂದ ಬಂದ ಭಾಷೆಯಲ್ಲಿ ಈ ತೇಪೆ ಹಾಕುವುದು ಸುಲಭ. ಊಟದ ಹೊತ್ತಿಗೆ 'ಊ' ಎಂದು ಕೇಳಿದರೆ 'ಊಟ ಆತೇನು' ಎಂದು ತಾನೇ ತುಂಬಿಬಿಡುತ್ತದೆ. ಕಲಿತ ಭಾಷೆಯಲ್ಲಿ, ಅದರಲ್ಲಿಯೂ ಗದ್ದಲದ ನಡುವೆ, ಅಷ್ಟು ಸುಲಭವಲ್ಲ. ಆದುದರಿಂದ ಶ್ರವಣದೋಷವು ಮನೆಯ ಕನ್ನಡದಲ್ಲಿ ಅಡಗಿಕೊಂಡಿದ್ದು ಬೀದಿಯ ಮರಾಠಿಯಲ್ಲಿ ಮೊದಲು ಹೊರಬೀಳುತ್ತದೆ. ಚೆನ್ನೈಯಲ್ಲಿರುವ ಕನ್ನಡಿಗರಿಗೆ ತಮಿಳಿನಲ್ಲಿ, ಹೈದರಾಬಾದಿನವರಿಗೆ ತೆಲುಗಿನಲ್ಲಿ. ಊರಿನಲ್ಲಿಯೇ ಇದ್ದವರಿಗೆ ಇಲ್ಲದ ಒಂದು ಮುನ್ಸೂಚನೆ ನಮಗಿದೆ. ನಾವು ಅದನ್ನು ಮುನ್ಸೂಚನೆಯೆಂದು ಓದುವುದಿಲ್ಲ, ಅಷ್ಟೆ.

ನಮ್ಮ ಮನೆಯಲ್ಲಿ ಆದ ನಿಜವಾದ ನಷ್ಟ ಮರಾಠಿಯದಲ್ಲ. ನಮಗೊಬ್ಬ ಮಗಳಿದ್ದಾಳೆ, ಈಗ ಏಳು ವರ್ಷ. ನಾವಿಬ್ಬರೂ ಹಗಲೆಲ್ಲ ಕೆಲಸಕ್ಕೆ ಹೋಗುವವರು. ಮಾತೃಶ್ರೀಯವರು ತೀರಿಕೊಂಡ ಮೇಲೆ ಅವಳಿಗೆ ಕನ್ನಡ ಕಲಿಸುವ ಶಾಲೆಯೆಂದರೆ ಅಜ್ಜನೊಬ್ಬರೇ. ಚಿಕ್ಕ ಮಕ್ಕಳ ಧ್ವನಿ ಸಣ್ಣದು, ಕೀಚಾದದ್ದು; ಮಂದವಾದ ಕಿವಿಗೆ ಎಲ್ಲಕ್ಕಿಂತ ಕಠಿಣ. ಅವಳು ಏನೋ ಹೇಳುವಳು, ಅಜ್ಜ "ಹೂಂ" ಎನ್ನುವರು. "ಅಜ್ಜಾ, ಯಾಕ ಅಂತ ಕೇಳಿದ್ನಿ" ಎಂದರೆ ಮತ್ತೆ "ಹೂಂ." ಮಗುವಿಗೆ ಎಷ್ಟು ದಿನ ತಾಳ್ಮೆ? ಶಾಲೆಯ ಸುದ್ದಿಯನ್ನು ಮಗ್ಗುಲ ಮನೆಯಲ್ಲಿ ಮರಾಠಿಯಲ್ಲಿ ಹೇಳತೊಡಗಿದಳು. "ಹುಡುಗಿ ಕನ್ನಡ ಮರತಬಿಟ್ಟಳು" ಎಂದು ನಾವು ಅವಳನ್ನು ಗದರಿದೆವು. ತೀರ್ಥರೂಪರು ಈ ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೂ ಬಿಟ್ಟರು. "ಮೈಕಿನಾಗ ಏನೂ ತಿಳಿಯೂದಿಲ್ಲ, ನೀವು ಹೋಗಿ ಬರ್ರಿ" ಎನ್ನುವರು. ಕರೆದರೆ ತಿರುಗಿ ನೋಡದಿದ್ದುದನ್ನೂ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದುದನ್ನೂ ಕಂಡು ನಾವು, ಇದು ವಯಸ್ಸಿನ ಮರೆವೆಂದು ಹೆದರಿಕೊಂಡಿದ್ದೆವು. 2020ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ತಜ್ಞಮಂಡಲಿಯೊಂದು, ಮರೆವಿನ ರೋಗಕ್ಕೆ ಎಡೆಮಾಡುವ ಮತ್ತು ನಾವು ಕೈಹಾಕಿ ತಿದ್ದಬಹುದಾದ 12 ಅಂಶಗಳಲ್ಲಿ ಶ್ರವಣಹಾನಿಯನ್ನೂ ಎಣಿಸಿದೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುವುದೆಂದು ಇದರ ಅರ್ಥವಲ್ಲ. ಆದರೆ ಕೇಳದಿರುವುದು ಮರೆವಿನಂತೆ ಕಾಣಿಸುವುದುಂಟು. ಒಂಟಿತನವು ಮುಪ್ಪನ್ನು ಭಾರಗೊಳಿಸುವುದೂ ಉಂಟು.

ಇನ್ನು ಪರೀಕ್ಷೆಯ ಮಾತು. ಆ ನವಂಬರದ ರಾತ್ರಿಯ ನಂತರವೂ ಅವರನ್ನು ಒಪ್ಪಿಸಲು ನಮಗೆ ಎರಡು ತಿಂಗಳು ಹಿಡಿಯಿತು. "ಕಿವುಡ" ಎಂಬ ಶಬ್ದಕ್ಕೆ ನಮ್ಮಲ್ಲಿ ಇರುವ ಅವಮಾನ "ಕನ್ನಡಕದವ" ಎಂಬುದಕ್ಕೆ ಇಲ್ಲ. ಕಡೆಗೆ ನಮ್ಮ ಮನೆಯಾಕೆ ಒಂದು ಉಪಾಯ ಹೂಡಿ, "ಮಾಮಾ, ನಮ್ಮಿಬ್ಬರದೂ ತೋರಿಸಿಕೊಂಡು ಬರೂಣು, ನೀವೂ ಜೊತಿಗೆ ಬರ್ರಿ" ಎಂದು ಕರೆದುಕೊಂಡು ಹೋದಳು. ಮೂವರೂ ಪರೀಕ್ಷೆ ಮಾಡಿಸಿಕೊಂಡೆವು. ಇದು ಒಳ್ಳೆಯ ಉಪಾಯ, ತಾವೂ ಅನುಸರಿಸಬಹುದು.

ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರು ದೀಪವಿರುವ ಚಿಕ್ಕ ಉಪಕರಣದಿಂದ ಕಿವಿಯೊಳಗೆ ನೋಡುತ್ತಾರೆ. ಗುಗ್ಗೆ ಕಟ್ಟಿಕೊಂಡಿದ್ದರೆ ತೆಗೆಯುತ್ತಾರೆ. ಕೆಲವರ ಕಿವುಡು ಅಲ್ಲಿಯೇ ಮುಗಿಯುತ್ತದೆ. (ಪಿನ್ನು, ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿ ಇವುಗಳಿಂದ ನಾವೇ ತೆಗೆಯಹೋದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ, ತಮಟೆಗೂ ಗಾಯವಾದೀತು. ಬಿಸಿ ಎಣ್ಣೆ ಹಾಕುವ ರೂಢಿಯನ್ನೂ ಬಿಡುವುದು ಮೇಲು.) ನಂತರ ಶ್ರವಣತಜ್ಞರು ಸದ್ದು ನುಸುಳದ ಒಂದು ಚಿಕ್ಕ ಕೋಣೆಯಲ್ಲಿ ಕೂಡ್ರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. 'ಪೀ' ಎಂಬ ಶುದ್ಧ ಧ್ವನಿ ಎಷ್ಟೇ ಸಣ್ಣಗೆ ಕೇಳಿಸಿದರೂ ಗುಂಡಿ ಒತ್ತಬೇಕು. 250 ಹರ್ಟ್ಝ್‌ನ ದಪ್ಪ ಧ್ವನಿಯಿಂದ 8,000 ಹರ್ಟ್ಝ್‌ನ ಕೀಚು ಧ್ವನಿಯವರೆಗೆ, ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ನೋಡುತ್ತಾರೆ. ಕಿವಿಯ ಹಿಂದಿನ ಎಲುಬಿಗೆ ಒಂದು ಕಂಪಕವನ್ನು ಇಟ್ಟೂ ಪರೀಕ್ಷಿಸುತ್ತಾರೆ. ದೋಷ ಹೊರಗಿವಿ-ನಡುಗಿವಿಯದೋ ಒಳಗಿವಿಯದೋ ಎಂಬುದು ಇದರಿಂದ ತಿಳಿಯುತ್ತದೆ. ಸೂಜಿಯಿಲ್ಲ, ನೋವಿಲ್ಲ. ಎಲ್ಲಕ್ಕಿಂತ ನಮಗೆ ಹಿಡಿಸಿದ ಸಂಗತಿಯೆಂದರೆ, 'ಪೀ' ಎಂಬ ಧ್ವನಿ ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ. ಅಲ್ಲಿ ಭಾಷೆಯ ನೆವ ನಡೆಯುವುದಿಲ್ಲ.

ಫಲಿತಾಂಶವನ್ನು ಒಂದು ನಕ್ಷೆಯಲ್ಲಿ ಬರೆದು ಕೊಡುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಕಾರ ಚಿಹ್ನೆ. ಗೆರೆ ಮೇಲಿದ್ದಷ್ಟು ಕಿವಿ ಚುರುಕು, ಕೆಳಗಿಳಿದಷ್ಟು ಮಂದ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ 20 ಡೆಸಿಬೆಲ್‌ಗಿಂತ ಕಡಿಮೆ ಸದ್ದನ್ನೂ ಕೇಳಬಲ್ಲ ಕಿವಿ ಸರಿಯಾದದ್ದು. 20ರಿಂದ 35ರವರೆಗೆ ಅಲ್ಪ ದೋಷ, 35ರಿಂದ 50ರವರೆಗೆ ಮಧ್ಯಮ, ಅದರಾಚೆ ಹೆಚ್ಚಿನದು. ತೀರ್ಥರೂಪರ ಗೆರೆ ಎಡಬದಿಯಲ್ಲಿ 25ರ ಬಳಿ ಸಮತಟ್ಟಾಗಿ ಸಾಗಿ, 2,000 ಹರ್ಟ್ಝ್ ದಾಟಿದೊಡನೆ ಘಟ್ಟ ಇಳಿದಂತೆ ಇಳಿದು, 4,000ದಲ್ಲಿ 65ಕ್ಕೆ ಹೋಗಿ ನಿಂತಿತ್ತು. ಪರೀಕ್ಷಿಸಿದ ತಾಯಿ ಅದನ್ನು ನೋಡಿ, ನಾವು ಏನೂ ಹೇಳುವ ಮೊದಲೇ, "ಇವರು ಯಂತ್ರಗಳ ನಡುವೆ ಕೆಲಸ ಮಾಡಿದವರೇ?" ಎಂದು ಕೇಳಿದಳು. ಸದ್ದಿನಿಂದಾದ ಹಾನಿ 4,000ದ ಆಸುಪಾಸಿನಲ್ಲಿಯೇ ಮೊದಲು ಗುರುತು ಬಿಡುತ್ತದಂತೆ. ಮೂವತ್ತಮೂರು ವರ್ಷದ ಕಾರ್ಖಾನೆ ಆ ಒಂದು ಗೆರೆಯಲ್ಲಿ ಬರೆದಿತ್ತು. ತೀರ್ಥರೂಪರು ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಮುಂದೆ ಮಾತಿನ ಪರೀಕ್ಷೆಯೂ ಇರುತ್ತದೆ. ತಜ್ಞರು ಹೇಳಿದ ಶಬ್ದಗಳನ್ನು ನಾವು ಮರಳಿ ಹೇಳಬೇಕು. ಇದನ್ನು ಸಾಧ್ಯವಿದ್ದಲ್ಲಿ ತಾಯ್ನುಡಿಯಲ್ಲಿ ಮಾಡುವಂತೆ ಕೇಳಿಕೊಳ್ಳಿ. ಇದಕ್ಕಾಗಿಯೇ ಕನ್ನಡ ಪದಪಟ್ಟಿಗಳಿವೆ. 1960ರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ವಾಂಸರು ಈ ದಿಶೆಯಲ್ಲಿ ಬಹಳ ದುಡಿದಿದ್ದಾರೆ. ನಮ್ಮ ಮುಂಬಯಿಯಲ್ಲಿ ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಿದೆ. ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿಯೂ ಪರೀಕ್ಷೆ ಆಗುತ್ತದೆ. ಕಡಿಮೆ ಆದಾಯದವರಿಗೆ ಶ್ರವಣಯಂತ್ರ ಒದಗಿಸುವ ಕೇಂದ್ರ ಸರಕಾರದ ಯೋಜನೆಯೂ ಉಂಟು, ವಿಚಾರಿಸಲು ನಾಚಬಾರದು.

ಯಾವಾಗ ಹೋಗಬೇಕು? 50 ವರ್ಷ ದಾಟಿದವರು ದೂರೇನೂ ಇಲ್ಲದಿದ್ದರೂ ಒಮ್ಮೆ, ಆಮೇಲೆ 64ರವರೆಗೆ ಐದು ವರ್ಷಕ್ಕೊಮ್ಮೆ, ಅನಂತರ ಒಂದರಿಂದ ಮೂರು ವರ್ಷಕ್ಕೊಮ್ಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾರ್ಖಾನೆಯ ಸದ್ದಿನಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಮಾಡಿಸುವುದು ಒಳ್ಳೆಯದು. ಸದ್ದಿಗೂ ಒಂದು ಲೆಕ್ಕವಿದೆ, ನಮ್ಮ ಕಸುಬಿನವರಿಗೆ ಹಿಡಿಸುವಂಥದು: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು. 100ಕ್ಕೆ ಬಂದರೆ ಕೇವಲ 15 ನಿಮಿಷ. ಲೋಕಲ್ ಗಾಡಿಯ ಗದ್ದಲವನ್ನು ಮುಚ್ಚಲು ಇಯರ್‌ಫೋನಿನ ಸದ್ದು ಏರಿಸಿಕೊಂಡು ದಿನಕ್ಕೆ ಎರಡು ತಾಸು ಪ್ರವಾಸ ಮಾಡುವ ತರುಣರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಹೆಚ್ಚು ಉಪದೇಶ ಬೇಡ. ಕ್ಷಯಕ್ಕೆ ಹಿಂದೆ ಹೇರಳವಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್‌ನಂಥ ಕೆಲವು ಔಷಧಿಗಳಿಂದಲೂ ಕಿವಿಗೆ ಹಾನಿಯುಂಟು. ಅಂಥ ಚಿಕಿತ್ಸೆ ಆದವರು ವೈದ್ಯರಿಗೆ ಹೇಳಬೇಕು.

ವಯಸ್ಸು ಎಷ್ಟೇ ಇರಲಿ, ಈ ಲಕ್ಷಣ ಕಂಡರೆ ಹೋಗಬೇಕು: ಒಬ್ಬರೊಡನೆ ಮಾತನಾಡುವಾಗ ಸರಿಯಿದ್ದು ನಾಲ್ವರ ನಡುವೆ ತಪ್ಪುವುದು; ಗಂಡಸರ ಮಾತು ತಿಳಿದು ಹೆಂಗಸರ, ಮಕ್ಕಳ ಮಾತು ತಿಳಿಯದಿರುವುದು; ಟಿ.ವಿ.ಯ ಸದ್ದಿಗೆ ಮನೆಯವರು ಗೊಣಗುವುದು. ಮಾತನಾಡುವವರ ಬಾಯಿಯನ್ನೇ ನೋಡುವುದು. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು, ಇಲ್ಲವೆ "ನೀನ ಮಾತಾಡು" ಎಂದು ಬೇರೆಯವರ ಕೈಗೆ ಕೊಡುವುದು. ಕಿವಿಯಲ್ಲಿ ಸದಾ 'ಗುಂಯ್' ಎನ್ನುವುದು. ಮತ್ತು ಆ "ಹೂಂ."

ಒಂದು ಮಾತ್ರ ತಡಮಾಡುವಂಥದಲ್ಲ. ಬೆಳಿಗ್ಗೆ ಏಳುವಾಗ, ಅಥವಾ ನೋಡುನೋಡುತ್ತಿದ್ದಂತೆ, ಒಂದು ಕಿವಿ ಫಕ್ಕನೆ ಮುಚ್ಚಿಹೋದಂತಾದರೆ, "ಗುಗ್ಗೆ ಇದ್ದೀತು, ರವಿವಾರ ನೋಡೋಣ" ಎನ್ನಕೂಡದು. ಅಂದೇ ಕಿವಿಯ ವೈದ್ಯರಲ್ಲಿಗೆ ಹೋಗಬೇಕು. ಒಳಗಿವಿಯ ಈ ಹಠಾತ್ ದೋಷಕ್ಕೆ ಔಷಧಿಯುಂಟು. ಆದರೆ ಅದು ಮೊದಲ ಕೆಲವು ದಿನಗಳಲ್ಲಿ ಬಿದ್ದರೇ ಹೆಚ್ಚಿನ ಉಪಯೋಗ, ಎರಡು ವಾರ ಕಳೆದ ಮೇಲೆ ಆಸೆ ಬಹಳ ಕಡಿಮೆ.

ಚಿಕ್ಕ ಮಕ್ಕಳ ವಿಷಯದಲ್ಲಿಯೂ ನಾವು ಇದೇ ತಪ್ಪು ಖಾತೆಯನ್ನು ತೆರೆಯುತ್ತೇವೆ. "ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಬಾಲವಾಡಿಯಲ್ಲಿ ಇಂಗ್ಲಿಷು, ಕೂಸು ಗಲಿಬಿಲಿಗೊಂಡಿದೆ, ಅದಕ್ಕೇ ಮಾತು ತಡ" ಎಂದು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಕನ್ನಡ ನಿಲ್ಲಿಸಿರೆಂದು ಸಲಹೆ ಕೊಡುವವರೂ ಇದ್ದಾರೆ. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಮಗುವಿನ ಮಾತು ಕುಂಠಿತವಾಗುವುದಿಲ್ಲವೆಂದು ಬಲ್ಲವರ ಮತ. ಆರು ತಿಂಗಳ ಕೂಸು ಸದ್ದಿನತ್ತ ತಿರುಗದಿದ್ದರೆ, ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಜೋಡಿಸದಿದ್ದರೆ, ನಿಲ್ಲಿಸಬೇಕಾದದ್ದು ಕನ್ನಡವನ್ನಲ್ಲ, ನೋಡಿಸಬೇಕಾದದ್ದು ಕಿವಿಯನ್ನು. ಹುಟ್ಟಿದ ಕೂಸಿಗೂ, ನಿದ್ರಿಸುತ್ತಿರುವಾಗಲೇ ಮಾಡಬಹುದಾದ ಪರೀಕ್ಷೆಗಳಿವೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಇಂದು ಒಪ್ಪಿತವಾದ ಕ್ರಮ. ಹೆರಿಗೆಯ ಆಸ್ಪತ್ರೆಯಲ್ಲಿ ಕೇಳಲು ಮರೆಯಬೇಡಿ. ಪದೇ ಪದೇ ನೆಗಡಿಯಾಗಿ ಕಿವಿ ಸೋರುವ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ, ದಡ್ಡನೆಂದು ಬೈಯುವ ಮೊದಲು ಅದರ ನಡುಗಿವಿಯನ್ನು ನೋಡಿಸಿ.

ತೀರ್ಥರೂಪರಿಗೆ ಎರಡೂ ಕಿವಿಗೆ ಯಂತ್ರ ಬಂದಿದೆ. ಕನ್ನಡಕದಂತೆ ಹಾಕಿಕೊಂಡ ಕೂಡಲೆ ಸರಿಯಾಗುವ ವಸ್ತು ಅದಲ್ಲ. ಮೊದಲ ವಾರ ಕುಕ್ಕರಿನ ಸೀಟಿಗೆ ಬೆಚ್ಚಿ, ವೃತ್ತಪತ್ರಿಕೆ ಮಡಿಸಿದ ಸದ್ದಿಗೆ ಸಿಡುಕಿ, "ಇದನ್ನ ನೀನ ಇಟ್ಟುಕೋ" ಎಂದು ಮೇಜಿನ ಮೇಲಿಟ್ಟರು. ಎರಡು ಬಾರಿ ಹೋಗಿ ಹೊಂದಿಸಿಕೊಂಡು ಬಂದೆವು. ಮಿದುಳು ಮರೆತ ಸದ್ದುಗಳನ್ನು ಮತ್ತೆ ಗುರುತಿಸಲು ವಾರಗಳು, ತಿಂಗಳುಗಳು ಬೇಕಂತೆ. ತಡಮಾಡಿದಷ್ಟೂ ಈ ಅಭ್ಯಾಸ ಕಷ್ಟವೆಂದೂ ಹೇಳಿದರು. ನಾವು ಕಳೆದ ಮೂರು ವರ್ಷ ಆಗ ನಮ್ಮ ಕಣ್ಮುಂದೆ ಬಂತು. ಪರೀಕ್ಷೆ ಮಾಡಿಸದೆ, ಜಾಹೀರಾತು ನೋಡಿ ಅಗ್ಗದ ಯಂತ್ರ ತರಿಸಿಕೊಳ್ಳುವವರಿಗೆ ಒಂದು ಮಾತು: ಎಲ್ಲ ಸದ್ದನ್ನೂ ಒಟ್ಟಿಗೆ ದೊಡ್ಡದು ಮಾಡಿದರೆ ಗದ್ದಲವೂ ದೊಡ್ಡದಾಗುತ್ತದೆ. ಆ ನಕ್ಷೆಯ ಗೆರೆಗೆ ತಕ್ಕಂತೆ ಹೊಂದಿಸಿದ ಯಂತ್ರವೇ ಬೇಕು.

ಈಗಲೂ ಕಾಯಿಪಲ್ಲೆಯವನು ಬಾಯಿ ತೆರೆಯದೆ ಮಾತನಾಡುತ್ತಾನೆಂಬ ದೂರು ನಿಂತಿಲ್ಲ. ಒಂದು ದಿನ ನಾವೇ ಜೊತೆಗೆ ಹೋಗಿ ನೋಡಿದೆವು. ಅವನು ನಿಜವಾಗಿಯೂ ಬಾಯಿ ತೆರೆಯದೆಯೇ ಮಾತನಾಡುತ್ತಾನೆ.

ಮಗಳು ರಾತ್ರಿ ಮತ್ತೆ ಅಜ್ಜನ ಹಾಸಿಗೆಗೆ ಹೋಗುತ್ತಾಳೆ. ಅವಳ ಕನ್ನಡದಲ್ಲಿ ಇನ್ನೂ ಅರ್ಧ ಮರಾಠಿಯೇ. ಅಜ್ಜ ಒಂದೊಂದನ್ನೇ ತಿದ್ದುತ್ತಾರೆ, ಅವಳು ಜಗಳಾಡುತ್ತಾಳೆ. ಇಂದು ಅವರಿಬ್ಬರೂ ಈ ಸಭಾಗೃಹದ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಭಾಷಣ ಉದ್ದವಾಯಿತೆಂದು ತೀರ್ಥರೂಪರು ಆಗಲೇ ಎರಡು ಬಾರಿ ಕೈಗಡಿಯಾರ ನೋಡಿಕೊಂಡರು.